ಹಳೇ ವಿದ್ಯಾರ್ಥಿ ಸಂಘಕ್ಕೆ ಬ್ಯಾಂಕಲ್ಲಿ ಅಕೌಂಟ್ ಕೊಡ್ತಿಲ್ಲ, ಏನ್ ಮಾಡೋದು?

ಕೇಳಿದವರು: ಹಾಸನದ ಹತ್ರ ನಮ್ಮೂರ ಸರ್ಕಾರಿ ಶಾಲೆ ಹೆಂಚು ರಿಪೇರಿಗೆ ಅಂತ ಹಳೇ ಹುಡುಗ್ರೆಲ್ಲ ಸೇರಿ ದುಡ್ಡು ಎತ್ತಿದೀವಿ. ಸಂಘ ರಿಜಿಸ್ಟರ್ ಆಗಿಲ್ಲ. ನಂಗೆ ಆಧಾರ್, ಪ್ಯಾನ್ ತೋರ್ಸಿದ್ ಕೂಡ್ಲೆ ಎಸ್‌ಬಿ (ಉಳಿತಾಯ) ಅಕೌಂಟ್ ಕೊಟ್ಟ ಬ್ರಾಂಚಲ್ಲೇ ಸಂಘಕ್ಕೆ ಅಂದ್ರೆ "ಆಗಲ್ಲ" ಅಂತಾರೆ. ಹಂಗನ್ನೋ ಅಧಿಕಾರ ಅವ್ರಿಗಿದ್ಯಾ?

ರಿಟೈರ್ಡ್ ಬ್ಯಾಂಕಿನವರು: ಹೆಚ್ಚುಕಮ್ಮಿ ಇದೆ ಸರ್. ಒಬ್ಬ ಮನುಷ್ಯ ಬಂದ್ರೆ ಮಿನಿಮಮ್ ಬ್ಯಾಲೆನ್ಸ್ ಇಲ್ಲದ ಬೇಸಿಕ್ ಅಕೌಂಟ್ ಇದೆ, ಎಲ್ರಿಗೂ ಕೊಡಿ ಅಂತ 2012ರಲ್ಲೇ ಆರ್‌ಬಿಐ ಹೇಳಿದೆ, ದಾಖಲೆ ಇಲ್ದಿದ್ರೂ ಫೋಟೊ, ಸಹಿ ತಗೊಂಡು ಸ್ಮಾಲ್ ಅಕೌಂಟ್ ಮಾಡ್ಬೋದು, ಬ್ಯಾಲೆನ್ಸ್ 50,000 ದಾಟಬಾರದು ಅನ್ನೋ ಥರ ಮಿತಿಗಳಿರತ್ತೆ. ಸಂಘಕ್ಕೆ ಅಂಥ ಆಸರೆ ಇಲ್ಲ. ಸ್ವಸಹಾಯ ಗುಂಪುಗಳಿಗೆ ಮಾತ್ರ ರಿಜಿಸ್ಟರ್ ಆಗ್ದಿದ್ರೂ ಎಸ್‌ಬಿ ಕೊಡ್ತಿದ್ವಿ, ನಿಮ್ದು ಆ ಲೆಕ್ಕಕ್ಕೆ ಬರಲ್ಲ. ಹಂಗಂತ ಮ್ಯಾನೇಜರ್ "ರೂಲಲ್ಲೇ ಇಲ್ಲ" ಅಂದ್ರೆ ನಂಬ್ಬೇಡಿ, ರಿಜಿಸ್ಟರ್ ಆಗದ ಸಂಘಕ್ಕೆ ಏನೇನ್ ಕಾಗದ ಬೇಕು ಅಂತ ಕೆವೈಸಿ (ಗ್ರಾಹಕರ ಗುರುತು ಪರೀಕ್ಷೆ) ನಿಯಮದಲ್ಲೇ ಇದೆ, ಠರಾವು, ಪ್ಯಾನ್ ಇಲ್ಲಾ ಅದ್ರ ಬದಲಿಗೆ ಕೊಡೋ ಘೋಷಣೆ ಫಾರಂ, ಸಹಿ ಮಾಡೋರ ದಾಖಲೆ. ಆದ್ರೆ ನಾಳೆ ನಿಮ್ಮಲ್ಲೇ ಜಗಳ ಆದ್ರೆ ಯಾರ ಮಾತು ಕೇಳೋದು ಅನ್ನೋ ಭಯ ಸೀಟಲ್ಲಿ ಕೂತವ್ನಿಗೆ. ನಾನೂ ಎಷ್ಟೋ ಜನನ್ನ ವಾಪಸ್ ಕಳ್ಸಿದೀನಿ, ಸುಳ್ಳ್ಯಾಕೆ ಹೇಳ್ಲಿ.

ತುಮಕೂರಿನವರು: ನಾವು ಜಿದ್ದಿಗೆ ಬಿದ್ದು, ಬ್ಯಾಂಕ್ ಮೇಲಿನ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೆದ್ವಿ. 2021ರ ಸ್ಕೀಮಲ್ಲಿ ಬ್ಯಾಂಕಿನ ವ್ಯಾವಹಾರಿಕ ತೀರ್ಮಾನದ ಮೇಲೆ ದೂರು ತಗೊಳ್ತಿರ್ಲಿಲ್ವಂತೆ. ಆರು ತಿಂಗ್ಳು ದಂಡ. ಆಮೇಲೆ 1960ರ ಸಂಘಗಳ ನೋಂದಣಿ ಕಾಯ್ದೆಲಿ ರಿಜಿಸ್ಟರ್ ಮಾಡಿಸಿದ್ವಿ, ಏಳು ಜನ ಇದ್ರೆ ಸಾಕು. ಬೈಲಾ ಇಟ್ಕೊಂಡು ಹೋದ್ರೆ ಅದೇ ಮ್ಯಾನೇಜರ್ ಕಾಫಿ ತರ್ಸಿದ್ರು! ವರ್ಷಾವರ್ಷ ಲೆಕ್ಕ ಕೊಡೋ ತಲೆನೋವು ಇದ್ದೇ ಇದೆ.

ಶಿರಸಿಯವರು: ದಯವಿಟ್ಟು ಖಜಾಂಚಿ ಹೆಸರಿನ ಅಕೌಂಟಿಗೆ ಮಾತ್ರ ಹಾಕ್ಬೇಡಿ. ನಮ್ಮ ಯುವಕ ಮಂಡಳಿ ದುಡ್ಡು ಒಬ್ರ ಅಕೌಂಟಲ್ಲಿತ್ತು, ಅವ್ರು ಹಾರ್ಟ್ ಅಟ್ಯಾಕಲ್ಲಿ ಹೋಗ್ಬಿಟ್ರು. ನಾಮಿನಿ ಅವ್ರ ಹೆಂಡ್ತಿ. ಸೂತಕದ ಮನೇಲಿ ಹೋಗಿ "ಅಕ್ಕ, ಅದ್ರಲ್ಲಿ ಮಂಡಳಿದೂ ಇದೆ" ಅಂತ ಹೇಳೋದು ಹೆಂಗೆ? ವರ್ಷದ ಮೇಲೆ ಆ ತಾಯಿ ತಾವೇ ಕರೆದು ಕೊಟ್ರು. ಎಲ್ರೂ ಹಂಗಿರಲ್ಲ.

ಒಬ್ಬ ಮೇಷ್ಟ್ರು: ಶಾಲೆ ಕೆಲ್ಸ ತಾನೆ? ಎಸ್‌ಡಿಎಂಸಿ (ಶಾಲೆ ಅಭಿವೃದ್ಧಿ, ಉಸ್ತುವಾರಿ ಸಮಿತಿ) ಅಕೌಂಟ್ ಇದ್ದೇ ಇರತ್ತಲ್ಲ, ಹೆಡ್ ಮಾಸ್ಟರು, ಅಧ್ಯಕ್ಷರು ಇಬ್ರೂ ಸಹಿ ಹಾಕ್ಬೇಕು. ಹೆಂಚಿಗೆ ಅಂತ ಠರಾವಲ್ಲಿ ಬರೆಸಿ, ರಸೀದಿ ಇಸ್ಕೊಂಡು ಅಲ್ಲಿಗೇ ಕಟ್ಟಿ.

ಕೇಳಿದವರು: ಅಯ್ಯೋ, ಎಸ್‌ಡಿಎಂಸಿ ಅಧ್ಯಕ್ಷ ನನ್ ಕ್ಲಾಸ್‌ಮೇಟೇ ಮೇಷ್ಟ್ರೇ, ಎರಡು ವರ್ಷದಿಂದ ಮಾತಿಲ್ಲ. ನಾಳೆ ಹೋಗಿ ಮಾತಾಡ್ಸ್ತೀನಿ.