ಗಂಟಲಲ್ಲಿ ಕಫ ಹೋಗ್ತಾನೇ ಇಲ್ಲ: ಇ‌ಎನ್‌ಟಿ ಡಾಕ್ಟರಿಗೆ ದಾವಣಗೆರೆ ಗುಂಪಿನ ಪ್ರಶ್ನೆಗಳು

ವಿದ್ಯಾನಗರದ ಅಂಗಡಿಯವರು: ಮೇಡಂ ನಮಸ್ಕಾರ. ಮೂರು ತಿಂಗಳಿಂದ ಗಂಟಲಲ್ಲಿ ಕಫ ಕೂತಿದೆ. ಬೆಳಗ್ಗೆ ಎದ್ದರೆ ಕ್ಯಾಕರಿಸುವುದೇ ಕೆಲಸ. ನೆಗಡಿ, ಜ್ವರ ಏನೂ ಇಲ್ಲ. ಎಕ್ಸ್‌ರೇ ಸರಿ ಇದೆ. ರಾತ್ರಿ ಅಂಗಡಿ ಮುಚ್ಚಿ ಮಂಡಕ್ಕಿ ಮೆಣಸಿನಕಾಯಿ ತಿಂದು ಹಾಗೇ ಮಲಗುತ್ತೇನೆ.

ಡಾಕ್ಟರ್: ನಮಸ್ಕಾರ. ನಿಮ್ಮ ಕೊನೇ ಸಾಲೇ ಕಾರಣ ಇರಬಹುದು. ತಿಂದ ಕೂಡಲೇ ಮಲಗಿದರೆ ಹೊಟ್ಟೆಯ ಹುಳಿ ಗಂಟಲವರೆಗೂ ಏರುತ್ತದೆ. ಎದೆ ಉರಿ ಇರಲೇಬೇಕು ಅಂತಿಲ್ಲ. ಕ್ಯಾಕರಿಸಿದಷ್ಟೂ ಗಂಟಲು ಊದಿಕೊಳ್ಳುತ್ತದೆ, ಊದಿದಷ್ಟೂ ಕಫ ಇದೆ ಅನಿಸುತ್ತದೆ. ಕ್ಯಾಕರಿಸಬೇಕು ಅನಿಸಿದಾಗ ಒಂದು ಗುಟುಕು ನೀರು ಕುಡಿಯಿರಿ. ಮಲಗುವ 3 ಗಂಟೆ ಮೊದಲೇ ಊಟ ಮುಗಿಸಿ. ಮಂಚದ ತಲೆ ಕಡೆ ಕಾಲಿನಡಿ ಇಟ್ಟಿಗೆ ಇಡಿ. ಗುಣ ಕಾಣಲು ವಾರಗಳೇ ಬೇಕು. ಮೂರು ತಿಂಗಳಾಗಿರುವುದರಿಂದ ಒಮ್ಮೆ ಗಂಟಲನ್ನೂ ತೋರಿಸಿಬಿಡಿ.

ಹರಿಹರದ ರೈತರು: ನನಗೆ ಮೂಗಿನ ಹಿಂದಿನಿಂದ ಇಳಿಯುತ್ತದೆ. ಮೆಕ್ಕೆಜೋಳ ಒಕ್ಕುವಾಗ ಜಾಸ್ತಿ.

ಡಾಕ್ಟರ್: ಧೂಳಿನ ಅಲರ್ಜಿ ಇದ್ದೀತು. ಮೂಗು, ಬಾಯಿಗೆ ಮಾಸ್ಕ್ ಹಾಕಿಕೊಳ್ಳಿ. ಉಪ್ಪುನೀರಲ್ಲಿ ಮೂಗು ತೊಳೆಯಿರಿ. ಕುದಿಸಿ ಆರಿಸಿದ ನೀರೇ ಆಗಬೇಕು, ನಲ್ಲಿ ನೀರು ಬೇಡ. ಮೂಗು ಕಟ್ಟಿದ್ದಕ್ಕೆ ಹಾಕುವ ಡ್ರಾಪ್ಸ್ 5 ದಿನ ದಾಟಬಾರದು. ಅಭ್ಯಾಸವಾದರೆ ಬಿಟ್ಟಾಗ ಇನ್ನೂ ಜಾಸ್ತಿ ಕಟ್ಟುತ್ತದೆ.

ನಿಟ್ಟುವಳ್ಳಿಯ ಸದಸ್ಯೆ: ಹಾಲು ಬಿಡಬೇಕಾ ಮೇಡಂ?

ಡಾಕ್ಟರ್: ಬೇಡ. ಹಾಲಿನಿಂದ ಕಫ ಹೆಚ್ಚುವುದಿಲ್ಲ. ಕುಡಿದ ಮೇಲೆ ಎಂಜಲು ಸ್ವಲ್ಪ ಮಂದ ಅನಿಸುತ್ತದೆ, ಅಷ್ಟೇ.

ಕೆ.ಬಿ. ಬಡಾವಣೆಯವರು: ಬಂದ ಮೆಸೇಜ್: "ಎರಡೂ ಮೂಗಿಗೆ ನಿಂಬೆರಸ ಬಿಡಿ, ಐದು ನಿಮಿಷದಲ್ಲಿ ಎಲ್ಲ ಕಫ ಹೊರಗೆ. ಎಲ್ಲರಿಗೂ ಕಳಿಸಿ."

ಡಾಕ್ಟರ್: ಯಾರಿಗೂ ಕಳಿಸಬೇಡಿ. 2021ರಲ್ಲಿ ಕೊರೊನಾಗೂ ಇದನ್ನೇ ಹಂಚಿದ್ದರು. ಮೂಗಿನ ಒಳಪದರ ಸುಡುತ್ತದೆ. ದಯವಿಟ್ಟು ಅಳಿಸಿ.

ಕೆ.ಬಿ. ಬಡಾವಣೆಯವರು: ನಮ್ಮ ಅಜ್ಜಿ ಕಾಲದ ಮದ್ದಿಗೂ ಬೆಲೆ ಇಲ್ವಾ? ಊರೆಲ್ಲ ಮಂಡಕ್ಕಿ ಭಟ್ಟಿ ಹೊಗೆ, ಅದನ್ನು ಮೊದಲು ನಿಲ್ಲಿಸಿ.

ಭಟ್ಟಿ ಕೆಲಸದವರು: ಸಂಜೆ ಆದರೆ ಮಂಡಕ್ಕಿ ನಿಮಗೇ ಬೇಕು. ಹೊಗೆ ಮೊದಲು ಕುಡಿಯುವವರು ನಾವು. ಭಟ್ಟಿ ನಿಂತರೆ ನಮ್ಮ ಮನೆ ಒಲೆ ಯಾರು ಹಚ್ಚುತ್ತಾರೆ?

ಕೆ.ಬಿ. ಬಡಾವಣೆಯವರು: ನಿಮಗೆ ಹೇಳಿದ್ದಲ್ಲ ರೀ.

ಭಟ್ಟಿ ಕೆಲಸದವರು: ಮತ್ತೆ ಯಾರಿಗೆ?

ಎಸ್.ಎಸ್. ಬಡಾವಣೆಯ ತಾಯಿ: ನನ್ನ ಮಗಳಿಗೆ 4 ವರ್ಷ. ಬಾಯಿ ತೆರೆದು ಮಲಗುತ್ತಾಳೆ, ಗೊರಕೆ. ಏನು ಮಾಡಲಿ?

ಜಗಳೂರಿನ ಮಗ: ಅಪ್ಪನಿಗೆ 58. ಎರಡು ತಿಂಗಳಿಂದ ಕಫ ಒಂದೇ ಕಡೆ ಸಿಕ್ಕಂತೆ ಆಗುತ್ತದಂತೆ. ದನಿ ಒಡೆದಿದೆ. ಎಡಗಿವಿ ನೋವು. ಹೊಗೆಸೊಪ್ಪು ಹಾಕಿಕೊಳ್ಳುತ್ತಾರೆ. ಕಷಾಯ ಕೊಡುತ್ತಿದ್ದೇವೆ.

ಹರಿಹರದ ರೈತರು: ಕಾಳುಮೆಣಸು, ಜೇನು ಕೊಡಿ, ದನಿ ಬರುತ್ತದೆ.

ಡಾಕ್ಟರ್: ದಯವಿಟ್ಟು ಇದಕ್ಕೆ ಯಾರೂ ಮದ್ದು ಹೇಳಬೇಡಿ. ಜಗಳೂರಿನವರೇ, ಇದು ಬರೀ ಕಫ ಅಂತ ನಾನು ಕೂರುವುದಿಲ್ಲ. 3 ವಾರ ದಾಟಿದ ದನಿ ಬದಲಾವಣೆ, ಒಂದೇ ಕಡೆ ಸಿಕ್ಕ ಹಾಗೆ ಆಗುವುದು, ಅದೇ ಕಡೆ ಕಿವಿನೋವು, ಮೇಲೆ ಹೊಗೆಸೊಪ್ಪು. ಕಿವಿ ಚೆನ್ನಾಗಿದ್ದರೂ ಗಂಟಲಿನ ನೋವು ನರದ ದಾರಿಯಲ್ಲಿ ಕಿವಿಗೆ ಬರುತ್ತದೆ. ಕ್ಯಾನ್ಸರ್ ಇದೆ ಅಂತ ಹೇಳುತ್ತಿಲ್ಲ. ಇಲ್ಲ ಅಂತ ನೋಡದೆ ಹೇಳಲಾರೆ. ಸಣ್ಣ ಕ್ಯಾಮೆರಾ ಮೂಗಿನಿಂದ ಇಳಿಸಿ ನೋಡುವುದು ಕೆಲವೇ ನಿಮಿಷದ ಕೆಲಸ. ಬೇಗ ಸಿಕ್ಕರೆ ಧ್ವನಿಪೆಟ್ಟಿಗೆಯ ಕಾಯಿಲೆ ಚೆನ್ನಾಗಿ ಗುಣವಾಗುತ್ತದೆ. ನುಂಗಲು ಕಷ್ಟವಾ? ತೂಕ ಇಳಿದಿದೆಯಾ? ಕುತ್ತಿಗೆಯಲ್ಲಿ ಗಂಟು? ಉಗುಳಲ್ಲಿ ರಕ್ತ? ಕೆಮ್ಮು 2 ವಾರ ದಾಟಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಟಿಬಿ ಪರೀಕ್ಷೆಯನ್ನೂ ಮಾಡಿಸಿ, ಅದು ಉಚಿತ.

ಜಗಳೂರಿನ ಮಗ: ಮುದ್ದೆ ನುಂಗುವಾಗ ತಡೆಯುತ್ತದಂತೆ. ಸುಗ್ಗಿ ಮುಗಿಸಿ ಬರುತ್ತೇವೆ.

ಡಾಕ್ಟರ್: ಸುಗ್ಗಿವರೆಗೆ ಕಾಯಬೇಡಿ. ನಾಳೆಯೇ ಬನ್ನಿ.

ನಿಟ್ಟುವಳ್ಳಿಯ ಇನ್ನೊಬ್ಬರು: ಹಾಲು ಕುಡಿಯಬಹುದಾ?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಕೆ.ಬಿ. ಬಡಾವಣೆಯವರು: ಡಾಕ್ಟರು ಸುಮ್ನೆ ಹೆದರಿಸುತ್ತಾರೆ.

ಡಾಕ್ಟರ್: ತಡವಾಗಿ ಬಂದವರನ್ನು ನೋಡಿ ನನಗೆ ಸಾಕಾಗಿದೆ. ಜಗಳೂರಿನವರೇ, ಬಸ್ ಎಷ್ಟಕ್ಕೆ?

ಜಗಳೂರಿನ ಮಗ: ಏಳಕ್ಕಿದೆ ಮೇಡಂ.

ಡಾಕ್ಟರ್: ಹಳೇ ಚೀಟಿ, ಮಾತ್ರೆ ಎಲ್ಲ ತನ್ನಿ.