1965ರ ಎಂಜಿಬಿಗೆ ವೈಪರ್ ಬಿಡಿಭಾಗ ಎಲ್ಲಿಂದ ಹುಡುಕುವುದು?

ಬಿಳಿ ರೋಡ್‌ಸ್ಟರ್:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1965ರ ಎಂಜಿಬಿ ಇದೆ, ಎಂಜಿ ಕಂಪನಿಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಮೇಲ್ಛಾವಣಿ ಮಡಿಸುವ ರೋಡ್‌ಸ್ಟರ್. ಎಂಜಿನ್, ಬ್ರೇಕ್, ಲೈಟು ಎಲ್ಲ ಸರಿಯಾಗಿವೆ. ಕಾಟ ಕೊಡುತ್ತಿರುವುದು ವೈಪರ್ ಮಾತ್ರ.

ಡ್ರೈವರ್ ಕಡೆಯ ತೋಳು ತುಂಬಾ ಸಡಿಲವಾಗಿದೆ. ಸ್ವಿಚ್ ಆಫ್ ಇದ್ದಾಗ ಬ್ಲೇಡಿನ ತುದಿ ಹಿಡಿದು ಅಲ್ಲಾಡಿಸಿದರೆ ಎರಡು ಬೆರಳಿನಷ್ಟು ಆಚೀಚೆ ಹೋಗುತ್ತದೆ. ಓಡುವಾಗ ಪ್ರತಿ ಸಲವೂ ತಿರುಗುವ ಜಾಗದಲ್ಲಿ ಟಕ್ ಅಂತ ಗಾಜಿನ ಚೌಕಟ್ಟಿಗೆ ಬಡಿಯುತ್ತದೆ. ಪಕ್ಕದ ತೋಳು ಪರವಾಗಿಲ್ಲ. ಎರಡೂ ಬ್ಲೇಡಿನ ರಬ್ಬರ್ ಗಟ್ಟಿಯಾಗಿ ಅಂಚು ಹರಿದಿದೆ. ಇತ್ತೀಚೆಗೆ ವೈಪರ್ ಓಡುವುದೂ ನಿಧಾನ, ಮಳೆ ಸಣ್ಣಗಿದ್ದರೆ ಅರ್ಧದಲ್ಲೇ ನಿಲ್ಲುವ ಹಾಗೆ ಮುಕ್ಕರಿಯುತ್ತದೆ.

ಬಿಡಿಭಾಗ ಕೇಳಿದ ಕಡೆಯೆಲ್ಲ ಗಾಡಿ ಯಾವುದು, ಯಾವ ವರ್ಷದ್ದು ಅಂತ ಕೇಳಿ, ಪಟ್ಟಿಯಲ್ಲಿ ಹುಡುಕಿ, ಇಲ್ಲ ಅಂದುಬಿಡುತ್ತಾರೆ. ಈಗಿನ ಬ್ಲೇಡುಗಳೆಲ್ಲ ಕೊಕ್ಕೆಯ ತೋಳಿಗೆ ಆಗುವಂಥವು. ನನ್ನ ತೋಳಿನ ತುದಿ ಚಪ್ಪಟೆ ಪಟ್ಟಿ, ಕೊಕ್ಕೆ ಇಲ್ಲವೇ ಇಲ್ಲ.

ಇನ್ನೂ ಒಂದು ವಿಷಯ. ಈ ಕಾರು ಮೊದಲು ಪಾಸಿಟಿವ್ ಅರ್ತ್ ಇತ್ತು, ಅಂದರೆ ಬ್ಯಾಟರಿಯ ಪ್ಲಸ್ ತುದಿ ಕಾರಿನ ಬಾಡಿಗೆ ಸೇರಿತ್ತು. ಹಿಂದಿನ ಮಾಲೀಕರು ಅದನ್ನು ನೆಗೆಟಿವ್ ಅರ್ತ್‌ಗೆ, ಅಂದರೆ ಮೈನಸ್ ತುದಿ ಬಾಡಿಗೆ ಸೇರುವ ಹಾಗೆ, ಬದಲಾಯಿಸಿದ್ದಾರೆ. ಅದರಿಂದಲೇ ಮೋಟರ್ ಹಾಳಾಗುತ್ತಿದೆಯಾ? ಮೋಟರ್ ಸಮೇತ ಎಲ್ಲ ಕಿತ್ತು, ನಂತರದ ವರ್ಷಗಳ ಎರಡು ವೇಗದ ಮೋಟರ್ ಹಾಕಿಬಿಡಿ ಅಂತ ಒಬ್ಬರು ಹೇಳಿದರು. ನನಗೆ ಆದಷ್ಟು ಮೂಲದಲ್ಲಿ ಇದ್ದದ್ದನ್ನೇ ಉಳಿಸಿಕೊಳ್ಳುವ ಆಸೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಸ್ಪ್ಯಾನರ್ ಪೆಟ್ಟಿಗೆ:

ನಮಸ್ಕಾರ ಸರ್. ಮೂಲದ್ದನ್ನೇ ಉಳಿಸಿಕೊಳ್ಳಿ, ಖಂಡಿತ ಆಗುತ್ತದೆ. ಬರೆದದ್ದು ಸ್ವಲ್ಪ ಉದ್ದವಾಗಿದೆ, ಸಾವಧಾನವಾಗಿ ಓದಿ.

ಮೊದಲು ಹುಡುಕುವ ದಾರಿ ಬದಲಾಯಿಸಿ. ಕಾರಿನ ಹೆಸರು ಹೇಳಿ ವೈಪರ್ ಕೇಳಬೇಡಿ. ನಿಮ್ಮ ವೈಪರ್ ಮಾಡಿದ್ದು ಎಂಜಿ ಅಲ್ಲ, ಲೂಕಾಸ್ ಅನ್ನುವ ಬಿಡಿಭಾಗದ ಕಂಪನಿ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬಹುಪಾಲು ಅವರದೇ ಮೋಟರ್, ಅವರದೇ ವೀಲ್‌ಬಾಕ್ಸ್ (ತೋಳನ್ನು ಆಡಿಸುವ ಡಬ್ಬಿ, ಮುಂದೆ ವಿವರಿಸುತ್ತೇನೆ). ಒಂದೇ ಜಾತಿಯ ಮೋಟರ್ ಬೇರೆ ಬೇರೆ ಕಂಪನಿಯ ಕಾರಲ್ಲಿ ಕೂತಿರುತ್ತದೆ. ಮೋಟರ್ ಮೈಮೇಲೆ ಜಾತಿ, ಬಿಡಿಭಾಗದ ನಂಬರ್, ತಯಾರಾದ ಕಾಲದ ಗುರುತು ಎಲ್ಲ ಒತ್ತಿರುತ್ತಾರೆ. ಜಿಡ್ಡು, ಬಣ್ಣ ಮುಚ್ಚಿಕೊಂಡಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಅಕ್ಷರ ಎದ್ದು ಕಾಣುತ್ತವೆ. 1965ರ ಎಂಜಿಬಿ ಆದ್ದರಿಂದ ಡಿಆರ್3ಎ ಅಂತ ಇರಬೇಕು. ಅದು ಒಂದೇ ವೇಗದ ಮೋಟರ್. 1967ರ ಕೊನೆಯಲ್ಲಿ ಎಂಜಿಬಿಯ ಮುಂದಿನ ಆವೃತ್ತಿ ಮಾರ್ಕ್ 2 ಬಂದಾಗ 14ಡಬ್ಲ್ಯೂ ಅನ್ನುವ ಎರಡು ವೇಗದ್ದು ಹಾಕಿದರು. ನಿಮಗೆ ಹೇಳಿದ್ದು ಅದನ್ನೇ. ಹಾಕಬಹುದು, ಆದರೆ ಸ್ವಿಚ್, ವೈರಿಂಗ್, ಮೋಟರ್ ಕೂರಿಸುವ ಪಟ್ಟಿ ಎಲ್ಲ ಬದಲಾಯಿಸಬೇಕು. ಸಡಿಲ ತೋಳಿಗೆ ಅದು ಮದ್ದೇ ಅಲ್ಲ.

ಆ ಸಡಿಲದ ವಿಷಯ ಹೇಳುತ್ತೇನೆ. ತೋಳು ಕೂರುವ ಕಡ್ಡಿ ಇದೆಯಲ್ಲ, ಅದರ ಬುಡದಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದೇ ವೀಲ್‌ಬಾಕ್ಸ್. ಒಳಗೆ ಒಂದು ಹಲ್ಲಿನ ಚಕ್ರ. ಮೋಟರ್‌ನಿಂದ ಬರುವ ರ‍್ಯಾಕ್ ಕೇಬಲ್ ಮೇಲೆ ತಂತಿಯನ್ನು ಸುರುಳಿಯಾಗಿ ಸುತ್ತಿರುತ್ತಾರೆ. ಆ ಸುರುಳಿಯ ಸಂದಿಗೆ ಚಕ್ರದ ಹಲ್ಲು ಕಚ್ಚಿಕೊಳ್ಳುತ್ತದೆ. ಕೇಬಲ್ ಲೋಹದ ಕೊಳವೆಯೊಳಗೆ ಹಿಂದೆ ಮುಂದೆ ಜಾರುತ್ತದೆ, ಚಕ್ರ ತಿರುಗುತ್ತದೆ, ತೋಳು ಆಡುತ್ತದೆ.

ಈಗ ಗಮನಿಸಿ. ತೋಳು ಪೂರ್ತಿ ಸುತ್ತು ಹೊಡೆಯುವುದಿಲ್ಲ ಅಲ್ವಾ? ಹಾಗಾಗಿ ಚಕ್ರದ ಒಂದು ಬದಿಯ ಹಲ್ಲುಗಳಷ್ಟೇ ಸವೆಯುತ್ತವೆ. ಎದುರು ಬದಿಯ ಹಲ್ಲು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇರುತ್ತದೆ. ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಹೊಸ ಹಲ್ಲು ಕೆಲಸಕ್ಕೆ ಬರುತ್ತದೆ. ಬಿಡಿಭಾಗವೇ ಬೇಡ! ಇದನ್ನು ಮಾಡಲು ವೀಲ್‌ಬಾಕ್ಸ್ ಬಿಚ್ಚುವುದೂ ಬೇಕಿಲ್ಲ. ಬ್ಯಾಟರಿ ತಂತಿ ತೆಗೆಯಿರಿ. ಎರಡೂ ತೋಳು ಕಳಚಿ. ಮೋಟರ್‌ನ ಬೋಲ್ಟ್, ಕೊಳವೆ ಸೇರುವ ಜಾಗದ ದೊಡ್ಡ ನಟ್ ಬಿಚ್ಚಿ. ಮೋಟರ್ ಜೊತೆಗೇ ಕೇಬಲ್ಲನ್ನೂ ನಿಧಾನವಾಗಿ ಹೊರಗೆ ಎಳೆಯಿರಿ. ಈಗ ಕಡ್ಡಿ ಕೈಯಲ್ಲೇ ಸಲೀಸಾಗಿ ತಿರುಗುತ್ತದೆ. ಅರ್ಧ ಸುತ್ತು ತಿರುಗಿಸಿ, ಕೇಬಲ್ ವಾಪಸ್ ತಳ್ಳಿ. ಹಲ್ಲು ಕಚ್ಚಿಕೊಳ್ಳುವಾಗ ಕಡ್ಡಿ ತಾನೇ ತಿರುಗುತ್ತದೆ, ಆ ಲೆಕ್ಕ ಇಟ್ಟುಕೊಂಡು ಗುರುತು ಹಾಕಿಕೊಳ್ಳಿ.

ಅದಕ್ಕೂ ಮೊದಲು ಒಂದು ಪರೀಕ್ಷೆ. ತೋಳು ತೆಗೆದ ಮೇಲೆ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿಯಿರಿ. ಎಡಕ್ಕೆ ಬಲಕ್ಕೆ ತಿರುಚಿದಾಗ ಮಾತ್ರ ಸಡಿಲ ಅನ್ನಿಸಿದರೆ ಸವೆದದ್ದು ಹಲ್ಲು. ಕಡ್ಡಿಯೇ ಪಕ್ಕಕ್ಕೆ ವಾಲಾಡಿದರೆ ಬುಷ್, ಅಂದರೆ ಕಡ್ಡಿ ತಿರುಗುವ ಒಳಗಿನ ಬಳೆ, ಹೋಗಿದೆ. ಬುಷ್ ಹೋಗಿದ್ದರೆ ಅರ್ಧ ಸುತ್ತಿನಿಂದ ಪ್ರಯೋಜನ ಇಲ್ಲ, ವೀಲ್‌ಬಾಕ್ಸ್ ಬದಲಾಯಿಸಲೇಬೇಕು. ಎಂಜಿಬಿ 1962ರಿಂದ 1980ರವರೆಗೆ ತಯಾರಾದ ಕಾರು, 5 ಲಕ್ಷಕ್ಕೂ ಜಾಸ್ತಿ ಮಾಡಿದ್ದಾರೆ. ಹಾಗಾಗಿ ಹೊಸದಾಗಿ ಮಾಡಿದ ವೀಲ್‌ಬಾಕ್ಸ್ ಎಂಜಿ ಬಿಡಿಭಾಗಕ್ಕೆಂದೇ ಇರುವ ಮಾರಾಟಗಾರರ ಹತ್ತಿರ ಸಿಗುತ್ತದೆ. ಕೊಳ್ಳುವ ಮುಂಚೆ ಹಳೆಯದನ್ನು ಪಕ್ಕದಲ್ಲಿಟ್ಟು ಮೂರು ವಿಷಯ ನೋಡಿ: ಕಡ್ಡಿಯ ಉದ್ದ, ಅದರ ದಪ್ಪ, ತುದಿಯ ಗೀರುಗಳ ಸಂಖ್ಯೆ. ಗೀರು ಹೊಂದದಿದ್ದರೆ ತೋಳು ಮೊದಲಿಗೆ ಕೂತ ಹಾಗೆ ಕಂಡರೂ ಜೋರು ಮಳೆಯಲ್ಲಿ ಜಾರಿಬಿಡುತ್ತದೆ. ನನ್ನ ಪ್ರಕಾರ, ಎರಡೂ ಸಿಗುವ ಹಾಗಿದ್ದರೆ, ಹೊಸ ನಕಲಿಗಿಂತ ಚೆನ್ನಾಗಿರುವ ಹಳೇ ಲೂಕಾಸ್ ವೀಲ್‌ಬಾಕ್ಸೇ ಮೇಲು. ಅರ್ಧ ಸುತ್ತು ತಿರುಗಿಸಿದರೆ ಅದಕ್ಕೂ ಇನ್ನೊಂದು ಆಯಸ್ಸು ಇದೆ.

ಅರ್ತ್ ಬಗ್ಗೆ ಚಿಂತೆ ಬಿಡಿ. ಡಿಆರ್3ಎ ಮೋಟರ್‌ನಲ್ಲಿ ಆಯಸ್ಕಾಂತ ಇಲ್ಲ, ಹೊರಗಿನ ಸುತ್ತೂ ತಂತಿಯದೇ. ಅರ್ತ್ ತಿರುವು ಮುರುವು ಆದರೆ ಒಳಗಿನ ಸುತ್ತು, ಹೊರಗಿನ ಸುತ್ತು ಎರಡರಲ್ಲೂ ವಿದ್ಯುತ್ತು ಒಟ್ಟಿಗೇ ತಿರುಗುತ್ತದೆ. ಮೋಟರ್ ಮೊದಲಿನ ದಿಕ್ಕಿಗೇ ಓಡುತ್ತದೆ. 14ಡಬ್ಲ್ಯೂ ಒಳಗೆ ಶಾಶ್ವತ ಆಯಸ್ಕಾಂತ ಇರುವುದರಿಂದ ಅಲ್ಲಿ ತಂತಿ ನೋಡಿಯೇ ಜೋಡಿಸಬೇಕು.

ಕಾರ್ಬೊರೇಟರ್ ಕೋಣೆ:

ಸ್ಪ್ಯಾನರ್ ಸರ್ ಹೇಳಿದ್ದಕ್ಕೆ ಬ್ಲೇಡಿನ ವಿಷಯ ಸೇರಿಸುತ್ತೇನೆ.

ನಿಮ್ಮ ತೋಳಿನ ತುದಿಯ ಪಟ್ಟಿ ಎಷ್ಟು ಅಗಲ ಅಂತ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಸ್ಕೇಲು ಸಾಲದು. ಈ ಬಗೆಯ ತುದಿಗೆ ಬಯೊನೆಟ್ ಅನ್ನುತ್ತಾರೆ. ಹಳೇ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವುದು 5.2 ಮಿ.ಮೀ. ಮತ್ತು 7.2 ಮಿ.ಮೀ. ಈ ಅಳತೆಯನ್ನೂ ಬ್ಲೇಡಿನ ಉದ್ದವನ್ನೂ ಹೇಳಿ ಕೇಳಿದರೆ ಕಾರಿನ ಹೆಸರು ಹೇಳುವುದೇ ಬೇಡ.

ರಬ್ಬರ್ ಮಾತ್ರ ಹೋಗಿ ಲೋಹದ ಚೌಕಟ್ಟು ಚೆನ್ನಾಗಿದ್ದರೆ ಬ್ಲೇಡ್ ಎಸೆಯಬೇಡಿ. ಉದ್ದನೆಯ ರಬ್ಬರ್ ಪಟ್ಟಿ ಬಿಡಿಯಾಗಿ ಸಿಗುತ್ತದೆ. 6 ಮತ್ತು 8 ಮಿ.ಮೀ. ಅಗಲದ್ದು ಜಾಸ್ತಿ ಚಾಲ್ತಿಯಲ್ಲಿವೆ. ಹಳೇ ರಬ್ಬರ್ ಎಳೆಯುವಾಗ ಅದರ ಎರಡು ಬದಿಯ ತೆಳು ಉಕ್ಕಿನ ಪಟ್ಟಿ ಯಾವ ಕಡೆಗೆ ಬಾಗಿತ್ತು ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ರಬ್ಬರ್‌ಗೆ ಅದನ್ನೇ, ಅದೇ ಬಾಗಿಗೆ ಹಾಕಬೇಕು. ಉಲ್ಟಾ ಹಾಕಿದರೆ ಬ್ಲೇಡಿನ ಎರಡು ತುದಿ ಗಾಜಿಂದ ಎದ್ದು ನಿಲ್ಲುತ್ತವೆ, ನಡುವೆ ಮಾತ್ರ ಒರೆಸುತ್ತದೆ.

ಎಂಟು ಸಿಲಿಂಡರ್:

ನನ್ನದು ಬೇರೆ ಲೋಕದ ವೈಪರ್, ಆದರೂ ಈ ಚರ್ಚೆ ಓದುವ ಬೇರೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. 1950ರ ದಶಕದ ಎಷ್ಟೋ ಅಮೆರಿಕನ್ ಕಾರುಗಳಲ್ಲಿ ವಿದ್ಯುತ್ ಮೋಟರೇ ಇಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವ ಸೆಳೆತದಿಂದ, ಅಂದರೆ ವ್ಯಾಕ್ಯೂಮ್‌ನಿಂದ, ವೈಪರ್ ಓಡುತ್ತದೆ. ಏರು ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸೆಳೆತ ಕಡಿಮೆಯಾಗಿ ವೈಪರ್ ನಿಂತೇ ಹೋಗುತ್ತದೆ. ಅದು ಕೆಟ್ಟದ್ದಲ್ಲ, ಅದರ ಸ್ವಭಾವವೇ ಹಾಗೆ. ಸಮತಟ್ಟು ರಸ್ತೆಯಲ್ಲೂ ನಿಂತರೆ ಮಾತ್ರ ಕೆಟ್ಟಿದೆ ಅಂತ ಅರ್ಥ. ಅಂಥ ಕಾರಿದ್ದವರು ಮೋಟರ್ ಹುಡುಕುವ ಮೊದಲು ರಬ್ಬರ್ ಪೈಪನ್ನು ಬದಲಾಯಿಸಿ ನೋಡಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಮೆತ್ತಗಾಗಿ, ಸೆಳೆತ ಬಂದ ಕೂಡಲೇ ಅಂಟಿಕೊಳ್ಳುತ್ತದೆ.

ಬಿಳಿ ರೋಡ್‌ಸ್ಟರ್:

ಎಲ್ಲರಿಗೂ ತುಂಬಾ ಧನ್ಯವಾದ! ಭಾನುವಾರ ಬಿಚ್ಚಿದೆ. ಮೋಟರ್ ಮೇಲೆ ಡಿಆರ್3ಎ ಅಂತಲೇ ಇದೆ, ನಂಬರ್ ಬರೆದಿಟ್ಟುಕೊಂಡಿದ್ದೇನೆ. ಕಡ್ಡಿ ಪಕ್ಕಕ್ಕೆ ಸ್ವಲ್ಪವೂ ವಾಲುತ್ತಿಲ್ಲ, ತಿರುಚಿದಾಗ ಮಾತ್ರ ಸಡಿಲ. ಅರ್ಧ ಸುತ್ತು ತಿರುಗಿಸಿ ಕೂರಿಸಿದೆ. ಈಗ ಬ್ಲೇಡಿನ ತುದಿ ಅಲ್ಲಾಡಿಸಿದರೆ ಬೆರಳಿಗೆ ಗೊತ್ತಾಗುವಷ್ಟು ಮಾತ್ರ ಆಟ ಇದೆ, ಚೌಕಟ್ಟಿಗೆ ಬಡಿಯುವುದು ನಿಂತಿದೆ. ಪಟ್ಟಿಯ ಅಗಲ 5.2 ಮಿ.ಮೀ. ಬಂತು.

ಆದರೆ ನಿಧಾನ ಹಾಗೇ ಇದೆ. ಕೇಬಲ್ ಹೊರಗೆ ಬಂದಾಗ ಅದರ ಮೇಲೆ ಕಂದು ಬಣ್ಣದ ಗಟ್ಟಿ ಗ್ರೀಸ್ ಇತ್ತು, ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಹಾಗೇ ಒಳಗೆ ತಳ್ಳಿದ್ದೇನೆ, ಏನು ಹಾಕಬೇಕು ಅಂತ ಕೇಳಿಯೇ ಮುಂದುವರಿಯೋಣ ಅಂತ.

ಸ್ಪ್ಯಾನರ್ ಪೆಟ್ಟಿಗೆ:

ಅರ್ಧ ಕೆಲಸ ಗೆದ್ದಿರಿ ಸರ್, ಬಹಳ ಸಂತೋಷ. ನಿಧಾನಕ್ಕೆ ಕಾರಣ ಆ ಕಂದು ಗ್ರೀಸೇ ಇರಬೇಕು. ಅನುಮಾನ ಇದ್ದರೆ ಅಳೆದು ನೋಡಿ. ಎಂಜಿಬಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರೆ. ಮೋಟರ್‌ನಿಂದ ಕೇಬಲ್ ಬಿಡಿಸಿ, ತೋಳುಗಳನ್ನು ತೆಗೆದು, ಕೇಬಲ್ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. ಕೊಳವೆಯೊಳಗೆ ಕೇಬಲ್ ಜಾರಲು 6 ಪೌಂಡ್‌ಗಿಂತ, ಅಂದರೆ ಸುಮಾರು 2.7 ಕಿಲೋಗಿಂತ, ಜಾಸ್ತಿ ಎಳೆತ ಬೇಕಾಗಬಾರದು. ಜಾಸ್ತಿ ಬೇಕಾದರೆ ಕೊಳವೆ ಎಲ್ಲೋ ನೆಗ್ಗಿದೆ, ಇಲ್ಲ ಗ್ರೀಸ್ ಗಟ್ಟಿಯಾಗಿದೆ, ಇಲ್ಲ ವೀಲ್‌ಬಾಕ್ಸ್ ವಾರೆಯಾಗಿ ಕೂತಿದೆ.

ಮೋಟರ್ ಓಡುವಾಗ ಎಳೆಯುವ ಕರೆಂಟು 2.7ರಿಂದ 3.4 ಆಂಪಿಯರ್ ಇರಬೇಕು. ಅದಕ್ಕಿಂತ ಜಾಸ್ತಿ ಎಳೆಯುತ್ತಾ ನಿಧಾನ ಇದ್ದರೆ ಎಲ್ಲೋ ತಡೆ ಇದೆ. ಕಡಿಮೆ ಎಳೆಯುತ್ತಾ ನಿಧಾನ ಇದ್ದರೆ ಒಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು, ಅಥವಾ ಅರ್ತ್ ತಂತಿಯ ತುದಿ ಕಿಲುಬು ಹಿಡಿದಿರಬಹುದು. ಇಷ್ಟು ಗೊತ್ತಾಗುವ ಮೊದಲು ಮೋಟರ್ ಕೊಳ್ಳುವ ಯೋಚನೆ ಬೇಡ. ಒಳ್ಳೆಯ ಮೋಟರ್‌ಗಳನ್ನು ಸುಮ್ನೆ ಎಸೆದಿರುವುದು ನೋಡಿದರೆ ನನಗೆ ನಿಜವಾಗಲೂ ಸಂಕಟ ಆಗುತ್ತದೆ.

ಕೇಬಲ್ಲನ್ನು ಸೀಮೆಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ, ಹಲ್ಲುಜ್ಜುವ ಬ್ರಷ್‌ನಿಂದ ಸುರುಳಿಯ ಸಂದಿ ಸಂದಿ ಉಜ್ಜಿ. ಕೊಳವೆಯೊಳಗೂ ಬಟ್ಟೆ ಕಟ್ಟಿದ ತಂತಿ ಆಡಿಸಿ. ಚೆನ್ನಾಗಿ ಒಣಗಿದ ಮೇಲೆ ಲಿಥಿಯಂ ಗ್ರೀಸ್ ತೆಳುವಾಗಿ ಸವರಿದರೆ ಸಾಕು. ತೋಳು ವಾಪಸ್ ಹಾಕುವ ಮೊದಲು ಮೋಟರ್ ಒಮ್ಮೆ ಓಡಿಸಿ, ಸ್ವಿಚ್ ಆಫ್ ಮಾಡಿ, ತಾನಾಗಿ ನಿಲ್ಲುವ ಜಾಗಕ್ಕೆ ಬರಲು ಬಿಡಿ. ಆಮೇಲೆ ತೋಳನ್ನು ಗಾಜಿನ ಕೆಳ ಅಂಚಿಗೆ ಸರಿಯಾಗಿ ಕೂರಿಸಿ. ನಿಲ್ಲುವ ಜಾಗ ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ಮೋಟರ್‌ನ ಗೇರ್ ಮೇಲಿರುವ ದುಂಡನೆ ಮುಚ್ಚಳವನ್ನು ಸಡಿಲಿಸಿ ಸ್ವಲ್ಪ ಸ್ವಲ್ಪವೇ ತಿರುಗಿಸಿ ಹೊಂದಿಸಬಹುದು.

ಪರೀಕ್ಷೆ ಮಾಡುವಾಗ ಗಾಜಿನ ಮೇಲೆ ನೀರು ಸುರಿಯುತ್ತಲೇ ಇರಿ. ಒಣ ಗಾಜಿನ ಮೇಲೆ ಓಡಿಸಿದರೆ ಹೊಸ ರಬ್ಬರ್ ಅಂಚು ಹಾಳು, ಕರೆಂಟಿನ ಅಳತೆಯೂ ತಪ್ಪು ಬರುತ್ತದೆ. ತಕ್ಕಡಿಯಲ್ಲಿ ಎಷ್ಟು ಬಂತು, ಆಂಪಿಯರ್ ಎಷ್ಟು ಬಂತು ಅಂತ ಇಲ್ಲಿ ಹಾಕಿ, ಕಾರ್ಬನ್ ಬ್ರಷ್ ಬೇಕೋ ಬೇಡವೋ ಆಮೇಲೆ ನೋಡೋಣ.