ಪೊಲೀಸ್ ಕಸ್ಟಡಿಯಲ್ಲಿ ಹೊಡೆತ: ಮೊದಲ ಎರಡು ದಿನ ಮನೆಯವರು ಏನು ಮಾಡಬೇಕು?

ಠಾಣೆ ಕನ್ನಡಿಗ:
ಮುಂಬಯಿ, ಪುಣೆಗೆ ಕಟ್ಟಡ ಕೆಲಸಕ್ಕೆ ಬರುವ ಕಲಬುರಗಿ, ವಿಜಯಪುರ ಕಡೆಯ ಕೂಲಿಕಾರರಿಗೂ ನಮ್ಮ ಹೋಟೆಲ್ ಹುಡುಗರಿಗೂ ಹಂಚಲು ಸಂಘದಿಂದ ಒಂದು ಪುಟದ ಕರಪತ್ರ ಮಾಡುತ್ತಿದ್ದೇವೆ. ಪೊಲೀಸರು ಹಿಡಿದೊಯ್ದಾಗ ಹೊಡೆತ ತಡೆಯುವುದು ಹೇಗೆ, ಬಿದ್ದರೆ ದಾಖಲೆಗೆ ತರುವುದು ಹೇಗೆ? ಕಲಮುಗಳ ಪಟ್ಟಿ ಬೇಡ. ಮನೆಯವರು ಎಲ್ಲಿ ಹೋಗಿ ಏನು ಕೇಳಬೇಕು ಅನ್ನುವುದು ಬೇಕು. ಹೆಚ್ಚಿನವರಿಗೆ ಮರಾಠಿ ಬಾರದು.

ಕೋರ್ಟ್ ಪಡಸಾಲೆ:
ಅರ್ಧ ಪುಟವನ್ನು ಒಂದೇ ಪ್ರಶ್ನೆಗೆ ಮೀಸಲಿಡಿ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. ಅಲ್ಲಿ ಕೇಳುತ್ತಾರೆ: 'ಪೊಲಿಸಾಂವಿರುದ್ಧ ಕಾಹೀ ತಕ್ರಾರ್ ಆಹೇ ಕಾ?' (ಪೊಲೀಸರ ವಿರುದ್ಧ ಏನಾದರೂ ದೂರಿದೆಯೇ?) ಭಾಷೆ ತಿಳಿಯದವನು, ಕರೆತಂದ ಹವಾಲ್ದಾರ ಮಗ್ಗುಲಲ್ಲೇ ನಿಂತಿರುವಾಗ, ಸುಮ್ಮನೆ ತಲೆಯಾಡಿಸುತ್ತಾನೆ. ಕಾಗದದ ಮೇಲೆ 'ತಕ್ರಾರ್ ನಾಹೀ' (ದೂರಿಲ್ಲ) ಎಂದು ಬೀಳುತ್ತದೆ. ಮುಂದೆ ಎಷ್ಟು ಗಾಯ ತೋರಿಸಿದರೂ ಆ ಎರಡು ಪದವನ್ನೇ ಅಡ್ಡ ಹಿಡಿಯುತ್ತಾರೆ. ಹೊಡೆತ ಬಿದ್ದಿದ್ದರೆ 'ಮಲಾ ಮಾರ್ಲಂ ಆಹೇ, ಡಾಕ್ಟರ್‌ಲಾ ದಾಖವಾ' (ನನ್ನನ್ನು ಹೊಡೆದಿದ್ದಾರೆ, ಡಾಕ್ಟರಿಗೆ ತೋರಿಸಿ) ಎನ್ನಲು ಕಲಿಸಿ. ಅಷ್ಟೂ ಬಾರದಿದ್ದರೆ ಕನ್ನಡದಲ್ಲೇ ಗಟ್ಟಿಯಾಗಿ ಹೇಳಿ ದುಭಾಷಿ ಕೇಳಲಿ.

ನಿಜವಾದ ಅಪಾಯ ಅದಕ್ಕೂ ಮುಂಚಿನದು. 'ಚೌಕಶಿಗೆ' (ವಿಚಾರಣೆಗೆ) ಎಂದು ಕರೆದು ಕೂರಿಸಿಕೊಂಡು, ಬಂಧನದ ಹೊತ್ತನ್ನು ತಡವಾಗಿ ಬರೆದುಕೊಳ್ಳುತ್ತಾರೆ. ಆ ನಡುವಿನ ಗಂಟೆಗಳಿಗೆ ಲೆಕ್ಕವೇ ಇರುವುದಿಲ್ಲ. ಕರೆದೊಯ್ದ ಕೂಡಲೇ ಪೊಲೀಸ್ ಕಮಿಷನರ್ ಕಚೇರಿಗೆ ಇಮೇಲ್ ಹಾಕಿ: ಯಾರು, ಎಲ್ಲಿಂದ, ಎಷ್ಟು ಹೊತ್ತಿಗೆ, ಯಾವ ಠಾಣೆ. ನಾಲ್ಕು ಸಾಲು ಸಾಕು, ಆ ಇಮೇಲಿನ ಗಂಟೆಯೇ ಸಾಕ್ಷಿ. ಬಂಧನದ ಮೆಮೊಗೆ (ಬಂಧಿಸಿದ ದಿನ, ಹೊತ್ತು ಬರೆದ ಪೊಲೀಸರ ಕಾಗದ) ಮನೆಯವರದೋ ಊರಿನ ಗೌರವಸ್ಥರದೋ ಸಹಿ ಬೇಕು. ಅದರಲ್ಲಿನ ಸಮಯ ಓದದೆ ಸಹಿ ಮಾಡಬೇಡಿ. ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕೆಂದು, ಕೂಡಲೇ ಆಗದಿದ್ದರೆ ಕೋರ್ಟಿಗೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕೊಡಬೇಕೆಂದು, 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ್ದೇ ಪ್ರಕರಣದಲ್ಲಿ ಹೇಳಿದೆ. ಕನ್ನಡದವನಿಗೆ ಮರಾಠಿ ಕಾಗದ ಕೊಟ್ಟರೆ ಅದನ್ನೂ ಮ್ಯಾಜಿಸ್ಟ್ರೇಟರಿಗೆ ತಿಳಿಸಿ. ವಕೀಲರಿಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಗಾಯದ ಚೀಟಿ:
ಬಂಧಿತನ ವೈದ್ಯಕೀಯ ತಪಾಸಣೆ ಹಾಳಾಗುವುದು ಅವಸರದಿಂದ. ಅಂಗಿ ಬಿಚ್ಚಿಸದೆ 'ಗಾಯವಿಲ್ಲ' ಎಂದು ಬರೆದು ಕಳಿಸುತ್ತಾರೆ. ಬೆನ್ನು, ತೊಡೆಯ ಹಿಂಭಾಗ, ಅಂಗಾಲು ನೋಡಿ ಎಂದು ಬಾಯಿಬಿಟ್ಟು ಕೇಳಬೇಕು. ಲಾಠಿ ಏಟು ಎರಡು ಸಮಾನಾಂತರ ಕೆಂಪು ಗೆರೆಯಾಗಿ ಮೂಡುತ್ತದೆ, ನಡುವೆ ಬಿಳಿಚಿದ ಪಟ್ಟಿ. ಬಿದ್ದು ಆದ ಪೆಟ್ಟು ಹಾಗಿರುವುದಿಲ್ಲ. ಅಂಗಾಲಿನ ಏಟು ಹೊರಗೆ ಕಾಣುವುದು ಕಡಿಮೆ, ನಡೆದರೆ ಮಾತ್ರ ಗೊತ್ತಾಗುತ್ತದೆ. ಆಳದ ಪೆಟ್ಟು ಚರ್ಮಕ್ಕೆ ಬರಲು ಒಂದೆರಡು ದಿನ ಹಿಡಿಯಬಹುದು. ಅದಕ್ಕೇ 1996ರ ಸುಪ್ರೀಂ ಕೋರ್ಟಿನ ಡಿ.ಕೆ. ಬಸು ತೀರ್ಪಿನಲ್ಲಿರುವ, ಕಸ್ಟಡಿಯಲ್ಲಿ 48 ಗಂಟೆಗೊಮ್ಮೆ ತಪಾಸಣೆ ಅನ್ನುವ ಮಾತನ್ನು ಪಟ್ಟು ಹಿಡಿದು ಕೇಳಿ. ವರದಿಯಲ್ಲಿ ಗಾಯದ ಅಳತೆ, ಬಣ್ಣ, ಅಂದಾಜು ಸಮಯ ಇರಬೇಕು. ಅದರ ಪ್ರತಿ ಬಂಧಿತನಿಗೋ ಅವನು ಹೇಳಿದವರಿಗೋ ಸಿಗಬೇಕು.

ಇನ್ನೊಂದು: ಜೋರಾದ ಹೊಡೆತದ ನಂತರ ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ತಡಮಾಡಬಾರದು. ಜಜ್ಜಿದ ಸ್ನಾಯುವಿನಿಂದ ಹೊರಬರುವ ಅಂಶ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಅಂದೇ ಆಸ್ಪತ್ರೆಗೆ ಸೇರಿಸಿ ಎಂದು ಕೋರ್ಟಿಗೆ ಅರ್ಜಿ ಕೊಡಿ.

ಬರಾಕ್ ನಂ. ಎರಡು:
ಆರ್ಥರ್ ರೋಡ್, ತಳೋಜಾ, ಯೆರವಡಾ ಯಾವುದೇ ಇರಲಿ, ಒಳಗೆ ಸೇರಿಸಿಕೊಳ್ಳುವಾಗ ಜೈಲಿನ ವೈದ್ಯರ ತಪಾಸಣೆ ಇರುತ್ತದೆ. ಹಳೆಯ ಗಾಯ ತಮ್ಮ ತಲೆಗೆ ಬರಬಾರದೆಂದು ಅಲ್ಲಿ ಗಮನವಿಟ್ಟು ಬರೆದುಕೊಳ್ಳುವ ಸಂಭವ ಹೆಚ್ಚು, ಎಲ್ಲವನ್ನೂ ಹೇಳಬೇಕು. ಜೈಲಿಗೆ ಹೋದ ಮೇಲೆ ಪೊಲೀಸರ ಕೈಗೆ ಮತ್ತೆ ಸಿಗುವುದಿಲ್ಲ ಅನ್ನುವುದು ಹಳೆಯ ನಂಬಿಕೆ. ಈಗ 15 ದಿನದ ಪೊಲೀಸ್ ಕಸ್ಟಡಿಯನ್ನು ಅಪರಾಧದ ಗಂಭೀರತೆ ನೋಡಿ ಮೊದಲ 40 ಅಥವಾ 60 ದಿನಗಳಲ್ಲಿ ತುಂಡು ತುಂಡಾಗಿಯೂ ಪಡೆಯಬಹುದು. ಹಾಗೆ ವಾಪಸ್ ಒಯ್ಯುವ ದಿನವೂ ತಪಾಸಣೆ ಕೇಳಿ.

ಠಾಣೆಯ ಸಿಸಿಟಿವಿ ದೃಶ್ಯವನ್ನು 18 ತಿಂಗಳು, ಕನಿಷ್ಠ ಒಂದು ವರ್ಷ ಇಡಬೇಕೆಂದು 2020ರ ಡಿಸೆಂಬರ್ 2ರ ಸುಪ್ರೀಂ ಕೋರ್ಟ್ ಆದೇಶವಿದೆ. ಅದನ್ನೇ ನಂಬಿ ಕೂರಬೇಡಿ. ತಾರೀಖು, ಗಂಟೆ, ಕೋಣೆ ಬರೆದು 'ಅಳಿಸಬಾರದು' ಎಂದು ಮೊದಲ ವಾರದಲ್ಲೇ ಕೋರ್ಟಿಗೆ ಅರ್ಜಿ ಹಾಕಿ. ಸಿಎಸ್‌ಎಂಟಿ (ಮುಂಬಯಿಯ ದೊಡ್ಡ ರೈಲು ನಿಲ್ದಾಣ) ಎದುರಿನ ರಾಜ್ಯ ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಲು ಒಂದು ವರ್ಷದ ಗಡುವು. ಆಯೋಗ ಶಿಫಾರಸು ಮಾಡಬಲ್ಲದು, ಶಿಕ್ಷೆ ಕೊಡಲಾರದು. ಕೋರ್ಟಿನ ದಾರಿ ಬಿಟ್ಟು ಅದೊಂದನ್ನೇ ಹಿಡಿಯಬೇಡಿ.

ಠಾಣೆ ಕನ್ನಡಿಗ:
ಹೆಣ್ಣುಮಕ್ಕಳ ವಿಷಯಕ್ಕೆ ಬೇರೆ ಏನಾದರೂ ಸೇರಿಸಬೇಕೇ?

ಕೋರ್ಟ್ ಪಡಸಾಲೆ:
ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧನವಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿರಬೇಕು. ಬೇರೆ ಲಾಕಪ್, ಮಹಿಳಾ ಕಾವಲು ಅನ್ನುವ ನಿಯಮಕ್ಕೆ ಬಲ ಬಂದದ್ದು ಮುಂಬಯಿಯ ಲಾಕಪ್‌ಗಳ ಬಗ್ಗೆ ಪತ್ರಕರ್ತೆ ಶೀಲಾ ಬರ್ಸೆ ಬರೆದ ಪತ್ರದ ಮೇಲೆ 1983ರಲ್ಲಿ ಬಂದ ತೀರ್ಪಿನಿಂದ. ಬಂಧಿತರ ಹಕ್ಕುಗಳ ಕರಪತ್ರವನ್ನು ಪ್ರತಿ ಲಾಕಪ್ಪಿನಲ್ಲಿ ಅಂಟಿಸಿ, ಓದಿ ಹೇಳಬೇಕೆಂದೂ ಅದರಲ್ಲಿದೆ, ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡ ಇಲ್ಲ. ಹಾಗಾಗಿ ಮೇಲಿನ ಮರಾಠಿ ವಾಕ್ಯವನ್ನು ಕನ್ನಡ ಲಿಪಿಯಲ್ಲೇ ದಪ್ಪಕ್ಷರದಲ್ಲಿ, ಕೆಳಗೆ ಅದರ ಅರ್ಥ ಬರೆದು ಹಾಕಿ.